ಗಿಣಿಯ ಎಡಗಣ್ಣು

ಗುಳೇದಗುಡ್ಡದಾಗ ಖಣದ ತುಂಡು ಕೇಜಿ ಲೆಕ್ಕದಾಗ ಸಿಗತಾವ,
ಕುಬಸ ಕತ್ತರಿಸಿ ಉಳಿದ ಮೂಲಿ, ಅಂಚು, ಬಗಲು.
ಅವನ್ನ ಕೂಡಿಸಿ ನಾ ಗಿಣಿ ಹೊಲೀತೀನಿ,
ತೊಟ್ಟಿಲ ಮ್ಯಾಲ ತೂಗಾಡೋ ಗಿಣಿ.
ಹೊಟ್ಟಿಯೊಳಗ ಅರಳಿ, ಅರಳಿಯೊಳಗ ಒಂದು ಗೆಜ್ಜಿ,
ಕಣ್ಣಿಗೆ ಎರಡು ಕರಿ ಮಣಿ.

ಪರೀಕ್ಷಾ ಮಾಡಾಕಿ ನಮ್ಮತ್ತಿ ಗುರಸಿದ್ದವ್ವ.
ಹಲ್ಲಿಲ್ಲದ ಬಾಯಾಗ ಗಿಣಿಯ ಬಾಲ ಇಟಗೊಂಡು
ವಸಡಿಲೆ ಜಗಿದು, ನಾಲಿಗಿಲೆ ತಿರುವಿ,
ಉಗುಳು ಬಿಳಿ ವಸ್ತ್ರಕ್ಕ ಒರಸಿ ನೋಡಿ
"ಬಣ್ಣ ಬಿಡತೈತಿ, ಮಾರಬ್ಯಾಡ" ಅಂತಿದ್ಲು.
ಇಲ್ಲಾಂದ್ರ "ಹೂಂ" ಅಂತಿದ್ಲು.
ಆ ಹೂಂ ಒಂದ ನಮ್ಮ ಶಿಕ್ಕಾ.

ಈ ಸಲ ದೀಪಾವಳಿ ಹೊತ್ತಿಗೆ ಹುಬ್ಬಳ್ಳಿ ಅಂಗಡಿಯ ಮೇಟಿ
ನಲವತ್ತು ಗಿಣಿ ಹೊಳ್ಳಿ ಕಳಿಸಿದ,
ಅದ ಚೀಲ, ನಾ ಕಟ್ಟಿದ ಗಂಟು ಸುದ್ದಾ ಬಿಚ್ಚಿದ್ದಿಲ್ಲ.
"ಮಾರ್ಕ್ ಇಲ್ಲದ ಆಟದ ಸಾಮಾನ ಇಟ್ರ ಅಂಗಡಿಗೆ ಬೀಗ, ಅಕ್ಕಾರ.
ಸಿಟ್ಟಾಗಬ್ಯಾಡ್ರಿ."
ಸಿಟ್ಟು ಯಾರ ಮ್ಯಾಲ ಆಗಲಿ?

ಮಗಳು ಮೊಬೈಲಿನಾಗ ಓದಿ ಹೇಳಿದಳು:
ಬಣ್ಣದಾಗ ಸೀಸ ಎಷ್ಟು,
ಬೆಂಕಿ ಹತ್ತಿದ್ರ ಎಷ್ಟು ಜಲ್ದಿ ಉರೀತೈತಿ,
ಹೊಲಿಗಿ ಎಷ್ಟು ಜಗ್ಗಿದ್ರ ಬಿಚ್ಚತೈತಿ.
ಒಂದು ಸಣ್ಣ ಕೊಳವಿ ಐತೆಂತ,
ಕೂಸಿನ ಗಂಟಲದಷ್ಟ ಅಗಲ.
ಕಿತ್ತು ಬಂದದ್ದು ಅದರೊಳಗ ಪೂರಾ ಇಳೀತಂದ್ರ
ಗಿಣಿ ಫೇಲ್.

ಹಸಿರು ಗಿಣಿಗೆ ಒಂದು ಪರೀಕ್ಷಾ, ಕೆಂಪಿಗೆ ಬ್ಯಾರೆ,
ಸೂಜಿಮಲ್ಲಿಗಿ ಖಣದ್ದಕ್ಕ ಮತ್ತ ಬ್ಯಾರೆ.
ನನ್ನ ಎರಡು ಗಿಣಿ ಒಂದ ನಮೂನಿ ಇದ್ದದ್ದು ಯಾವಾಗ?
ತುಂಡು ಸಿಕ್ಕಂಗ ಗಿಣಿ.
ಫೀಸು ಕೂಡಿಸಿದ್ರ ನನ್ನ ಒಂದೂವರಿ ವರ್ಷದ ದುಡಿಮಿ,
ಅದೂ ಪರೀಕ್ಷಾದಾಗ ಹರದು ಹಾಕೋ ಗಿಣಿಗಳನ್ನ ಬಿಟ್ಟು.

ಓಣ್ಯಾಗಿನ ಹೆಣ್ಣಮಕ್ಕಳು ಅಂದ್ರು, "ಏನಾಗತೈತಿ ಬಿಡ,
ನಾವೇನು ಮಾರ್ಕ್ ನೋಡಿ ಬೆಳದೇವಾ?"
ನಾನೂ ಹೌದಂದೆ.
ಎಲ್ಲಾರಿಗಿಂತ ಜೋರಾಗಿ ಹೌದಂದೆ.

ಆದರ ಮಷೀನಿನ ಖಾನ್ಯಾಗ
ಬಾಬಿನ್ನು, ಮುರದ ಸೂಜಿ, ಸೀಮಿಸುಣ್ಣದ ನಡುವ
ಒಂದು ಕರಿ ಮಣಿ ಐತಿ.
ಏಳು ವರ್ಷದ ಹಿಂದ, ತಂಗಿ ಮಗ ಚನಬಸು, ಹತ್ತು ತಿಂಗಳ ಕೂಸು,
ನಕ್ಕೋತ ಇದ್ದಾಂವ ಒಮ್ಮೆಲೆ ಸಪ್ಪಳ ನಿಲ್ಲಿಸಿದ.
ಅತ್ತಿದ್ರ ಚಲೋ ಇತ್ತು.
ತುಟಿ ನೀಲಿ. ಯಾವ ಸೀರಿಯೊಳಗೂ ನಾ ನೋಡಲಾರದ ನೀಲಿ.
ಅತ್ತಿ ಅವನ್ನ ಮುಂಗೈ ಮ್ಯಾಲ ಬೋರಲ ಹಾಕಿ ಬೆನ್ನಿಗೆ ಗುದ್ದಿದ್ಲು,
ಒಂದು, ಎರಡು,
ಮೂರನೇದಕ್ಕ ಮಣಿ ಫರಸಿ ಮ್ಯಾಲ ಟಕ್ಕಂತ ಬಿತ್ತು.
ಬಾಜೂಕ ಬಿದ್ದ ಗಿಣಿಗೆ ಬಲಗಣ್ಣಷ್ಟ ಇತ್ತು.

ಈಗ ಅಂವ ಎರಡನೇತ್ತ ಕಲಿತಾನ,
ಮಿರ್ಚಿ ಭಜಿ ಅಂದ್ರ ಪ್ರಾಣ ಬಿಡತಾನ.
ಅತ್ತಿ ಸಾಯೂತನಕ ಯಾರ ಮುಂದೂ ಹೇಳಲಿಲ್ಲ. ನಾನೂ.
ಕಣ್ಣಿಗೆ ನಾಕು ಸುತ್ತು ಹೆಚ್ಚಿಗಿ ದಾರ ಹಾಕಿದೆ,
ಅಷ್ಟ.

ಹೋದ ತಿಂಗಳಿಂದ ಮಣಿ ಬಿಟ್ಟೇನಿ.
ಕರಿ ದಾರಲೆ ಬಾಗಿದ ಒಂದು ಗೆರಿ ಹೊಲೀತೀನಿ,
ನಿದ್ದಿಗಣ್ಣಿನ ಗಿಣಿ.
"ಕೂಸಿಗಿಂತ ಮೊದಲ ಇದ ಮಲಗೇತಿ" ಅಂತಾಳ ಮಗಳು.
ಇದಕ್ಕ ಫೀಸು ಬೇಕಾಗಲಿಲ್ಲ.
ಇದಕ್ಕ ಶಿಕ್ಕಾನೂ ಸಿಗೂದಿಲ್ಲ.

ನಿನ್ನೆ ಬಾಗಲಕೋಟಿ ಆಫೀಸಿಗೆ ಹೋಗಿದ್ದೆ,
ಸಣ್ಣ ಕಸಬಿನವರಿಗೆ ಏನರ ದಾರಿ ಐತೇನಂತ ಕೇಳಾಕ.
ಹುಡುಗ ಒಳ್ಳೇಂವ, ಕುಂಡ್ರಿಸಿ ನೀರು ಕೊಟ್ಟ, ತಾನ ಫಾರ್ಮು ತುಂಬಿದ:
ಹೆಸರು, ಊರು, ಮಷೀನು ಎಷ್ಟು, ಆಳು ಎಷ್ಟು.
"ಇಲ್ಲಿತನಕ ಏನರ ದೂರು ಬಂದಾವೇನ್ರಿ?"

ಫ್ಯಾನು ತಿರಗತಿತ್ತು.
ಕೈಚೀಲದಾಗ ಎಂಟು ಗಿಣಿ, ಎಲ್ಲಾವೂ ಕಣ್ಣು ಮುಚ್ಚಿದ್ವು.
"ಬರಕೋರಿ" ಅಂದೆ.
"ಒಂದು."